ದಯಾನಂದನ ಶೆಡ್ಡಿಗೆ ಏಳು ಬೀಗ

ನಮ್ಮ ಕಡೆ ಗ್ಯಾರೇಜು ಅಂದರೆ ಕೆಟ್ಟ ಗಾಡಿ ರಿಪೇರಿ ಮಾಡುವ ಜಾಗ. ಮನೆಯ ಗಾಡಿ ನಿಲ್ಲುವ ಜಾಗಕ್ಕೆ ಶೆಡ್ಡು ಎಂದೇ ಹೆಸರು. ಲಕ್ಷಗಟ್ಟಲೆ ಸುರಿದು ಟೈಲ್ಸ್ ಹಾಕಿಸಿದವನೂ ಅದನ್ನು ಶೆಡ್ಡು ಅಂತಲೇ ಕರೆಯುತ್ತಾನೆ. ತೆಂಗಿನ ಸೀಮೆಯ ಶೆಡ್ಡಿನಲ್ಲಿ ಗಾಡಿ ಇರುವುದು ಕೆಳಗೆ, ಬದುಕು ಇರುವುದು ಮೇಲೆ. ಅಡಿಕೆ ದಬ್ಬೆ ಹಾಸಿದ ಅಟ್ಟದ ಮೇಲೆ ಸಿಪ್ಪೆ ಸುಲಿಯದ ಬಲಿತ ಕಾಯಿಗಳು ಹತ್ತು ಹನ್ನೊಂದು ತಿಂಗಳು ಕೂತಲ್ಲೇ ಕೂತಿರುತ್ತವೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಲಗಲ ಅಂದರೆ ಇಳಿಸುವ ಕಾಲ ಬಂತೆಂದು ಅರ್ಥ.

ತಿಪಟೂರು ಕಡೆಯ ಹಾಲ್ಕುರಿಕೆಯಿಂದ ಮೂರು ಕಿಲೋಮೀಟರ್ ಒಳಗಿರುವ ಊರಿನಲ್ಲಿ ದಯಾನಂದನಿಗೆ ಅಂಥದ್ದೊಂದು ಶೆಡ್ಡಿತ್ತು. ವಯಸ್ಸು ನಲವತ್ತೆಂಟು. ನಾಲ್ಕು ಎಕರೆ ತೆಂಗು, ಎರಡು ಹಸು, ಒಂದು ಹಳೆಯ ಓಮ್ನಿ, ಊರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ ಕೆಲಸ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಎರಡು ಹೊತ್ತು ಊರಿನವರ ಹಾಲು ಅಳೆದವನು. ಯಾರ ಹಾಲಿಗೆ ನೀರು ಸೇರುತ್ತದೆ ಎಂದು ಗೊತ್ತಿದ್ದೂ ಊರಲ್ಲೆಲ್ಲ ಸಾರದೆ, ಅವರನ್ನೇ ಪಕ್ಕಕ್ಕೆ ಕರೆದು ಹೇಳುವಷ್ಟು ಸೂಕ್ಷ್ಮದ ಮನುಷ್ಯ.

ಅವನ ಹೆಂಡತಿ ಸರ್ವಮಂಗಳ ಶಿವರಾತ್ರಿ ಕಳೆದ ವಾರ ಕಾಯಿ ಅಟ್ಟಕ್ಕೆ ಹಾಕಿದಳು. ಹಾಕಿದಳು ಅಂದರೆ ಎಲ್ಲರ ಹಾಗೆ ಮಕ್ಕರಿಯಿಂದ ಸುರಿದದ್ದಲ್ಲ. ಅವಳದು ಬೇರೆಯೇ ಹಟ. ಕೂಲಿಗೆ ಬರುವ ಸಿದ್ದಮ್ಮ ಏಣಿಯ ಮೇಲಿಂದ ಒಂದೊಂದೇ ಕೊಡಬೇಕು, ಇವಳು ಅಟ್ಟದ ಮೇಲೆ ಕೂತು ಒಂದೊಂದನ್ನೇ ಕೈಯಲ್ಲಿ ತಿರುವಿ ನೋಡಿ, ಬಿರುಕಿದ್ದದ್ದನ್ನು ಕೆಳಕ್ಕೆ ಎಸೆದು, ಉಳಿದದ್ದನ್ನು ಸಾಲಾಗಿ ಜೋಡಿಸಬೇಕು. ಮೂರು ಸಾವಿರದ ಇನ್ನೂರು ಕಾಯಿಗೆ ನಾಲ್ಕು ದಿನ ಹಿಡಿಯಿತು. "ಸಂತೆಗೆ ಹೋಗೋ ಹೆಣ್ಣಿಗೆ ಜಡೆ ಹಾಕ್ದಂಗೆ ಹಾಕ್ತೀಯಲ್ಲೇ" ಎಂದು ದಯಾನಂದ ರೇಗಿಸಿದ. "ಇಳಿಸೋವಾಗ ನೋಡ್ರೀ, ಒಂದೂ ಕೆಟ್ಟಿರಲ್ಲ" ಅಂದಳು ಅವಳು.

ಅದಾದ ಹದಿಮೂರನೆಯ ದಿನ ತಲೆನೋವು ಎಂದು ಮಧ್ಯಾಹ್ನ ಮಲಗಿದಳು. ಎದ್ದಾಗ ಮಾತು ತೊದಲುತ್ತಿತ್ತು. ದಯಾನಂದ ಓಮ್ನಿಯಲ್ಲಿ ತುಮಕೂರಿಗೆ ಕರೆದುಕೊಂಡು ಹೋದ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು. ನಲವತ್ತೆರಡು ವರ್ಷ. ತೋಟದಲ್ಲೇ, ಅತ್ತೆಮಾವನ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಶಿವಗಣಾರಾಧನೆ ಮುಗಿದ ಮಾರನೆಯ ದಿನವೇ ದಯಾನಂದ ಡೈರಿಗೆ ಹೋಗಿ ಹಾಲು ಅಳೆದ.

"ಗಟ್ಟಿ ಮನ್ಸ ಕಣ್ಲಾ" ಎಂದು ಊರು ಹೊಗಳಿತು. ಊರಿಗೇನು, ಅಳದವನನ್ನು ಕಂಡರೆ ಗಟ್ಟಿ ಅನ್ನುತ್ತದೆ, ಅತ್ತವನನ್ನು ಕಂಡರೆ ಮೆತ್ತಗೆ ಅನ್ನುತ್ತದೆ, ಎರಡಕ್ಕೂ ಅದಕ್ಕೆ ಖರ್ಚಿಲ್ಲ. ದಯಾನಂದ ಗಟ್ಟಿಯೂ ಆಗಿರಲಿಲ್ಲ, ಮೆತ್ತಗೂ ಆಗಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಮುಟ್ಟಿದರೂ ನಮ್ಮದು ಅನ್ನಿಸುವುದಿಲ್ಲವಲ್ಲ, ಅವನಿಗೆ ಇಡೀ ಮೈ ಹಾಗಾಗಿತ್ತು. ಊಟ ಮಾಡುತ್ತಿದ್ದ, ರುಚಿ ಗೊತ್ತಾಗುತ್ತಿರಲಿಲ್ಲ. ಜನ ಮಾತಾಡಿದರೆ ಉತ್ತರ ಕೊಡುತ್ತಿದ್ದ, ಏನು ಕೊಟ್ಟೆ ಎಂದು ನೆನಪಿರುತ್ತಿರಲಿಲ್ಲ.

ಮನೆಯಲ್ಲಿ ಅವಳದ್ದು ಒಂದೊಂದೇ ಮುಗಿಯುತ್ತ ಬಂತು. ಸೀರೆಗಳನ್ನು ದಯಾನಂದನ ಅಕ್ಕ ಸುನಂದಾ ಬಂದು ಬೇಕಾದವರಿಗೆ ಹಂಚಿದಳು. ಸಾರಿನ ಪುಡಿ ಏಪ್ರಿಲ್ ಕೊನೆಗೆ ತಳ ಕಂಡಿತು. ಮಗಳು ನಿಸರ್ಗ ಡಬ್ಬವನ್ನು ಕವುಚಿ ತಟ್ಟಿ ಕೊನೆಯ ಚಮಚವನ್ನೂ ಸಾರಿಗೆ ಹಾಕಿದಳು, ಆಮೇಲೆ ಡಬ್ಬ ತೊಳೆಯದೆ ಹಾಗೇ ಇಟ್ಟಳು. ಉಪ್ಪಿನಕಾಯಿ ಮೇ ತಿಂಗಳಲ್ಲಿ ಮುಗಿಯಿತು. ಅವಳು ಶುರು ಮಾಡಿ, ಅವಳಿಲ್ಲದೆಯೂ ನಡೆಯುತ್ತಲೇ ಇದ್ದ ಕೆಲಸ ಒಂದೇ ಒಂದು ಉಳಿದಿತ್ತು. ಶೆಡ್ಡಿನ ಅಟ್ಟದ ಮೇಲೆ ಮೂರು ಸಾವಿರದ ಇನ್ನೂರು ಕಾಯಿ ಸದ್ದಿಲ್ಲದೆ ಕೊಬ್ಬರಿಯಾಗುತ್ತಿದ್ದವು. ಫೆಬ್ರವರಿಗೆ ಇಳಿಸಬೇಕು. ಮಾರ್ಚಿಗೆ ಅವಳ ಮೊದಲ ವರ್ಷದ ಪುಣ್ಯಸ್ಮರಣೆ. ಆವತ್ತು ಬಂದವರಿಗೆಲ್ಲ ಅಮ್ಮ ಹಾಕಿದ ಕೊಬ್ಬರಿಯನ್ನೇ ಕೈಗೆ ಕೊಡಬೇಕು ಎಂದು ನಿಸರ್ಗ ಹೇಳಿದ್ದಳು. ದಯಾನಂದ ಹೂಂ ಅಂದಿದ್ದ. ಅವನು ಆ ವರ್ಷ ಮನಸ್ಸಿಟ್ಟು ಅಂದ ಹೂಂ ಅದೊಂದೇ.

ಜೂನ್ ಮೊದಲ ವಾರ ಊರಲ್ಲಿ ಕಳ್ಳತನವಾಯಿತು. ನಂಜುಂಡಪ್ಪನ ಮನೆಯವರೆಲ್ಲ ತುರುವೇಕೆರೆಗೆ ಮದುವೆಗೆ ಹೋಗಿದ್ದರು. ಹಾಡುಹಗಲು, ಹನ್ನೊಂದೂವರೆ ಗಂಟೆ. ಒಬ್ಬ ಅವರ ಶೆಡ್ಡಿನ ಗೋಡೆಗೂ ಶೀಟಿಗೂ ನಡುವಿನ ಸೂರಿನ ಸಂದಿಯಲ್ಲಿ ನುಸುಳಿ ಒಳಗಿನಿಂದ ಚಿಲಕ ತೆಗೆದಿದ್ದಾನೆ. ಇನ್ನಿಬ್ಬರು ಗೂಡ್ಸ್ ಆಟೋ ತಂದು ಬಾಗಿಲಿಗೇ ನಿಲ್ಲಿಸಿ, ಚೀಲ ಕಟ್ಟಿಟ್ಟಿದ್ದ ಕೊಬ್ಬರಿಯನ್ನೆಲ್ಲ ತುಂಬಿದ್ದಾರೆ. ಎದುರು ಮನೆಯ ಲಕ್ಷ್ಮಿದೇವಮ್ಮ ಮಂಡಿಯವರ ಕಡೆಯ ಹಮಾಲಿಗಳು ಎಂದುಕೊಂಡು, ಬಿಸಿಲಲ್ಲಿ ಪಾಪ ಎಂದು ಅವರಿಗೆ ಮಜ್ಜಿಗೆ ಕೊಟ್ಟಿದ್ದಾಳೆ. ಕಳ್ಳರು ಕುಡಿದು, ಲೋಟ ತೊಳೆದು ಕೊಟ್ಟು ಹೋಗಿದ್ದಾರೆ.

"ಎಷ್ಟು ನಯವಾಗಿ ಮಾತಾಡುಸ್ದವು ಗೊತ್ತಾ ಆ ಮುಂಡೇವು" ಎಂದು ಲಕ್ಷ್ಮಿದೇವಮ್ಮ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದಳು. ಕಳುವಿಗಿಂತ ಮಜ್ಜಿಗೆ ಹೋದದ್ದೇ ಅವಳಿಗೆ ಸಂಕಟ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ ಊರಿನವರೆಲ್ಲ ತಿಪಟೂರಿಗೆ ಹೋಗಿ ಬೀಗ ತಂದರು.

ದಯಾನಂದನಿಗೆ ಈ ಸುದ್ದಿ ಡೈರಿಯಲ್ಲಿ ತಿಳಿಯಿತು. ಕೇಳಿದ, ಕ್ಯಾನಿನ ಮುಚ್ಚಳ ಹಾಕಿದ. ಮನೆಗೆ ಬಂದು ಶೆಡ್ಡಿನ ಮುಂದೆ ನಿಂತ. ಹಳೆಯ ಎರಡು ರೆಕ್ಕೆಯ ಮರದ ಬಾಗಿಲು, ಒಂದು ಕೊಂಡಿ, ಅದಕ್ಕೆ ಸರ್ವಮಂಗಳ ಸಿಕ್ಕಿಸುತ್ತಿದ್ದ ಒಂದು ಕಡ್ಡಿ. ಬೀಗ ಎನ್ನುವುದೇ ಇರಲಿಲ್ಲ. ಶೆಡ್ಡಿಗೆ ಬೀಗ ಹಾಕಿದರೆ ಏಣಿ, ಹಾರೆ, ಔಷಧಿ ಹೊಡೆಯುವ ಪಂಪು ಬೇಕೆಂದು ಬಂದ ಅಕ್ಕಪಕ್ಕದವರು ತಿರುಗಿ ಹೋಗಬೇಕಾಗುತ್ತದೆ ಎಂದು ಅವಳು ಹಾಕಗೊಡುತ್ತಿರಲಿಲ್ಲ. ಆ ಕಡ್ಡಿಯನ್ನು ನೋಡಿದಾಗ ದಯಾನಂದನಿಗೆ ಮೂರು ತಿಂಗಳಲ್ಲಿ ಮೊದಲ ಸಲ ಏನೋ ಅನ್ನಿಸಿತು. ಅದು ಹೆದರಿಕೆ. ಯಾರೋ ಗೊತ್ತಿಲ್ಲದವರು ಹತ್ತಿ, ಅವಳು ಜೋಡಿಸಿದ್ದ ಸಾಲನ್ನು ಕಾಲಲ್ಲಿ ತಳ್ಳಿ, ಚೀಲಕ್ಕೆ ತುಂಬುತ್ತಾರೆ.

ಆ ಭಾನುವಾರ ಸುನಂದಕ್ಕ ಮಾಯಸಂದ್ರದಿಂದ ಎರಡು ಬಸ್ಸು ಬದಲಿಸಿ ಬಂದಳು. ತಮ್ಮನ ಮುಖ ನೋಡಿದಳು, ಶೆಡ್ಡು ನೋಡಿದಳು. ಮುಖಕ್ಕೆ ಮಾಡುವುದೇನೂ ಅವಳಿಗೆ ತೋಚಲಿಲ್ಲ, ಶೆಡ್ಡಿಗೆ ತೋಚಿತು.

"ಲೋ ದಯಾ, ಈ ಬಾಗ್ಲು ಒಂದು ಒದೆಗೆ ಬಿದ್ದೋಯ್ತದೆ. ಶಟರ್ ಹಾಕ್ಸು. ನಮ್ಮೂರಲ್ಲಿ ಎಲ್ಲಾ ಹಾಕ್ಸವ್ರೆ."

"ಹಾಕ್ಸನಕ್ಕ."

"ಹಾಕ್ಸನಕ್ಕ ಅಂದು ಕೂತ್ಕಬೇಡ. ಬೆಳ್ಳಿಗೇ ಹೋಗು."

ಬೆಳಿಗ್ಗೆ ಹಾಲು ಕಳಿಸಿದ ಮೇಲೆ ದಯಾನಂದ ತಿಪಟೂರಿಗೆ ಹೋದ. ರೇಣುಕಪ್ರಸಾದ್ ಎಂಬ ವೆಲ್ಡರ್ ಅವನಿಗೆ ಸಿಕ್ಕಿದ. ಮೊಣಕೈವರೆಗೆ ಕಿಡಿ ಬಿದ್ದ ಚುಕ್ಕೆಗಳಿದ್ದ, ತನ್ನ ಕೆಲಸದ ಬಗ್ಗೆ ಬಿಗುಮಾನವಿದ್ದ ಮನುಷ್ಯ. ಶೆಡ್ಡಿಗೆ ಬಂದು ಸುತ್ತ ಒಂದು ಸುತ್ತು ಹಾಕಿ, ಕಳ್ಳನ ಹಾಗೆ ಯೋಚನೆ ಮಾಡಬೇಕು ಅಣ್ಣ ಎಂದು ಪಾಠ ಶುರು ಮಾಡಿದ. ಬೀಗವನ್ನು ಯಾರೂ ಒಡೆಯುವುದಿಲ್ಲ, ಬೀಗ ಹಾಕಿದ ಕೊಂಡಿಯನ್ನು ಕೀಳುತ್ತಾರೆ. ಕೊಂಡಿಯ ಬೋಲ್ಟಿನ ನಟ್ಟು ಒಳಗಡೆ ಇರಬೇಕು, ಬೋಲ್ಟಿನ ತಲೆಗೆ ಹೊರಗಿನಿಂದ ವೆಲ್ಡಿಂಗ್ ಬೀಳಬೇಕು. ಶಟರ್‌ಗೆ ಎರಡೂ ಬದಿಗೆ ಒಂದೊಂದು ಬೀಗ ಸಾಲದು, ನಡುವೆ ಒಂದು ಲಾಕ್ ಬೇಕು, ಇಲ್ಲದಿದ್ದರೆ ಜಾಕಿ ಕೊಟ್ಟು ನಡು ಎತ್ತುತ್ತಾರೆ. ಹಿಂದಿನ ಚಿಕ್ಕ ಬಾಗಿಲಿಗೆ ತಗಡು ಹೊಡೆದು ಎರಡು ಬೀಗ. ಕಿಟಕಿಗೆ ಇಟ್ಟಿಗೆ.

ದಯಾನಂದ ಎಲ್ಲಕ್ಕೂ ಹೂಂ ಅಂದ. ನಾಲ್ಕು ದಿನ ಕೆಲಸ ನಡೆಯಿತು. ಅವನು ಒಂದು ಕಲ್ಲಿನ ಮೇಲೆ ಕೂತು ಕಿಡಿ ಹಾರುವುದನ್ನು ನೋಡಿದ. ನೋಡುವಷ್ಟು ಹೊತ್ತು ಬೇರೆ ಏನೂ ಯೋಚಿಸಬೇಕಾಗಿರಲಿಲ್ಲ, ಅದೇ ಹಿತವಾಗಿತ್ತು. ಮೂರನೆಯ ದಿನ ರೇಣುಕಪ್ರಸಾದ್ ಏಣಿಯ ಮೇಲೆ ನಿಂತು, ಗೋಡೆಗೂ ಶೀಟಿಗೂ ನಡುವೆ ಸುತ್ತಲೂ ಬಿಟ್ಟಿದ್ದ ಒಂದಡಿಯ ಸೂರಿನ ಸಂದಿಯನ್ನು ತೋರಿಸಿದ.

"ಅಣ್ಣ, ನಂಜುಂಡಪ್ಪೋರ ಮನೇಲಿ ನುಗ್ಗಿದ್ದು ಇಂಗೇ ಅಲ್ವಾ? ಇದುನ್ನೂ ಮುಚ್ಚುಸ್ಬುಡನಾ?"

"ಮುಚ್ಚು."

"ಪೂರ್ತೀನಾ? ಜಾಲರಿ ಹಾಕೋದಾದ್ರೆ ಜಾಲರಿ ಹಾಕ್ತೀನಿ. ಕಟರ್ ಇದ್ರೆ ಅದುನ್ನ ಕತ್ತರುಸ್ತಾರೆ, ಅಷ್ಟೇಯ."

"ಪೂರ್ತಿ ಮುಚ್ಚು."

ಆ ಹೊತ್ತಿಗೆ ಸಿದ್ದಮ್ಮ ಹಸುವಿಗೆ ಹುಲ್ಲು ತಂದು ಹಾಕಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅಲ್ಲಿಗೆ ಬಂದಳು. ಮೇಲೆ ಇಟ್ಟಿಗೆ ಏರುವುದನ್ನು ನೋಡಿದಳು.

"ದಯಣ್ಣ, ಅದ್ಯಾಕೆ ಅಲ್ಲಿಗೆ ಇಟ್ಟಿಗೆ? ಅಟ್ಟಕ್ಕೆ ಉಸ್ರು ಬ್ಯಾಡ್ವಾ? ಮಳೆಗಾಲ ಬೇರೆ ಬಂತು. ಗಾಳಿ ಆಡ್ದೆ ಇದ್ರೆ ಕಾಯಿ ಬೆವುತ್ಕತವೆ ಕಣಣ್ಣ."

ಇದು ಸಿದ್ದಮ್ಮ ಹೇಳಬೇಕಾದ ಮಾತೇ ಅಲ್ಲ. ದಯಾನಂದನ ತಾತನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ದಯಾನಂದನಿಗೆ ಮೀಸೆ ಬರುವ ಮೊದಲೇ ಗೊತ್ತಿತ್ತು. ಆ ಸಂದು ಬಿಟ್ಟಿದ್ದೇ ಅದಕ್ಕೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನು ತನ್ನ ಹೆಸರನ್ನಾದರೂ ಮರೆತಾನು, ಅಟ್ಟಕ್ಕೆ ಗಾಳಿ ಬೇಕು ಎನ್ನುವುದನ್ನು ಮರೆಯುವುದಿಲ್ಲ. ದಯಾನಂದನೂ ಮರೆತಿರಲಿಲ್ಲ. ಸಿದ್ದಮ್ಮನ ಮಾತು ಕಿವಿಗೆ ಬಿತ್ತು, ಸರಿ ಎಂದೂ ತಿಳಿಯಿತು. ತಿಳಿದದ್ದು ಕೈಗೆ ಇಳಿಯಲಿಲ್ಲ, ಅಷ್ಟೇ.

"ಹೂಂ ಸಿದ್ದಮ್ಮ" ಎಂದ.

ಸಿದ್ದಮ್ಮ ಇನ್ನೊಂದು ಗಳಿಗೆ ನಿಂತಳು. ಮಂಗಳಕ್ಕ ಇದ್ದಿದ್ದರೆ ಅವಳ ಹತ್ತಿರ ಹೇಳಿ ಕೆಲಸ ನಿಲ್ಲಿಸುತ್ತಿದ್ದಳು. ಇವನ ಹತ್ತಿರ ಎರಡನೆಯ ಸಲ ಹೇಳುವ ಸಲಿಗೆ ಅವಳಿಗಿರಲಿಲ್ಲ. ಸಂಜೆ ಹೊತ್ತಿಗೆ ಸಂದು ಮುಚ್ಚಿತು. ಮಾರನೆಯ ದಿನ ಅದಕ್ಕೆ ಗಾರೆಯೂ ಬಿತ್ತು.

ಆಮೇಲೆ ದಯಾನಂದ ನಿಲ್ಲಿಸಲಿಲ್ಲ. ಓಮ್ನಿಯ ಚಕ್ರಕ್ಕೆ ಒಂದು ಸರಪಳಿ, ಅದಕ್ಕೊಂದು ಬೀಗ. ಅಟ್ಟಕ್ಕೆ ಹತ್ತುವ ಕಂಡಿಗೆ ಕಬ್ಬಿಣದ ಮುಚ್ಚಳ, ಅದಕ್ಕೊಂದು. ಒಟ್ಟು ಏಳು. ಮನುಷ್ಯ ಸುಳಿದರೆ ತಾನೇ ಹತ್ತಿಕೊಳ್ಳುವ ದೀಪವೊಂದನ್ನು ಶಟರ್ ಮೇಲೆ ಹಾಕಿಸಿದ. ಕ್ಯಾಮೆರಾ ಹಾಕಿಸಿ ಮೊಬೈಲಿಗೆ ಸಂಪರ್ಕ ಕೊಡಿಸಿದ. ಡೈರಿಯಲ್ಲಿ ಹಾಲು ಅಳೆಯುವ ನಡುವೆ ಮೊಬೈಲು ತೆಗೆದು ಮುಚ್ಚಿದ ಶಟರನ್ನು ನೋಡುತ್ತಿದ್ದ. ಬೀಗದ ಕೈಗಳ ಗೊಂಚಲು ಉಡಿದಾರಕ್ಕೆ ಕಟ್ಟಿಕೊಂಡು ನಡೆದರೆ ಎತ್ತಿನ ಗಂಟೆಯ ಹಾಗೆ ಸದ್ದಾಗುತ್ತಿತ್ತು.

ಊರು ಇದನ್ನು ಸುಮ್ಮನೆ ಬಿಟ್ಟೀತೆ? "ಏನ್ಲಾ ದಯಾ, ಚಿನ್ನದ ಕಾಯಿ ಬುಟ್ಟೈತಾ ನಿನ್ ಮರ?" ಎಂದು ನಂಜುಂಡಪ್ಪ ಕೇಳಿದ. ಕಳಕೊಂಡವನಿಗೆ ಬೇರೆಯವರನ್ನು ರೇಗಿಸುವ ಹಕ್ಕು ತಾನಾಗಿ ಬಂದಿರುತ್ತದೆ. ದಯಾನಂದ ನಕ್ಕ ಹಾಗೆ ಮಾಡಿದ. ನಿಧಾನವಾಗಿ ತಮಾಷೆ ಹೋಗಿ ಮರ್ಯಾದೆ ಬಂತು. ಬೀಗದ ವಿಷಯಕ್ಕೆ ದಯಣ್ಣನನ್ನು ಕೇಳಿ ಎಂದು ಪಕ್ಕದ ಊರಿನವರೂ ಬರತೊಡಗಿದರು. ಕೊಂಡಿಯ ನಟ್ಟು ಒಳಗಿರಬೇಕು ಎಂದು ಅವನು ರೇಣುಕಪ್ರಸಾದನ ಮಾತನ್ನೇ ಒಪ್ಪಿಸುತ್ತಿದ್ದ. ಏಣಿ, ಹಾರೆ ಕೇಳಲು ಬರುವವರು ಮಾತ್ರ ಕಡಿಮೆಯಾಗುತ್ತ ಬಂದು ನಿಂತೇ ಹೋದರು. ಏಳು ಬೀಗ ತೆಗೆಸಿ ಒಂದು ಹಾರೆ ಕೇಳುವುದಕ್ಕೆ ಯಾರಿಗೆ ತಾನೇ ಮುಖ ಬರುತ್ತದೆ?

ನಿಸರ್ಗ ತಿಪಟೂರಿನಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದಳು. ಅಡಿಗೆ ಮಾಡಿಟ್ಟು ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಅವಳಿಗೂ ತಾಯಿ ಹೋಗಿದ್ದಳು. ಆದರೆ ಅವಳು ಅಡಿಗೆಮನೆಯಲ್ಲಿ ನಿಂತು ಅಳುತ್ತಿದ್ದಳು, ಅತ್ತು ಮುಗಿದ ಮೇಲೆ ಒಗ್ಗರಣೆ ಹಾಕುತ್ತಿದ್ದಳು. ಅಪ್ಪ ಒಂದು ಸಲ ಅತ್ತಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಬಂದು ಕೂತು, ತಟ್ಟೆ ನೋಡಿಕೊಂಡು ಉಂಡು, ಎದ್ದು ಹೋಗಿ ಬೀಗ ಎಳೆದು ನೋಡುತ್ತಿದ್ದ.

ಅಕ್ಟೋಬರಿನಲ್ಲಿ ಮಳೆ ಹತ್ತು ದಿನ ಬಿಡದೆ ಹೊಡೆಯಿತು. ಮಳೆ ಹೊಳವಾದ ಮೇಲೆ ನಿಸರ್ಗ ಕೇಳಿದಳು:

"ಅಪ್ಪ, ಒಂದ್ಸಲ ಅಟ್ಟ ಹತ್ತಿ ನೋಡಪ್ಪ. ಅಮ್ಮ ತಿಂಗಳಿಗೆ ಒಂದ್ಸಲ ಹತ್ತೋರು. ಮಧ್ಯದ್ದು ಎರಡು ತೆಗೆದು ಅಲ್ಲಾಡ್ಸಿ ನೋಡೋರು."

"ಯಾರೂ ಬಂದಿಲ್ಲ. ಕ್ಯಾಮೆರಾದಲ್ಲಿ ಐತೆ ನೋಡು ಬೇಕಾದ್ರೆ."

"ಕಳ್ಳರ ವಿಷಯ ಅಲ್ಲಪ್ಪ ನಾನ್ ಕೇಳ್ತಿರೋದು."

"ಆಯ್ತು, ನೋಡನ ಬುಡು."

"ನನ್ಗಾದ್ರೂ ಬೀಗದ ಕೈ ಕೊಡು, ನಾನು ಹತ್ತಿ ಬತ್ತೀನಿ."

"ಜಾರ್ತದೆ. ಬೇಡ."

ಅವನು ಹತ್ತಲಿಲ್ಲ. ಹತ್ತಲಾರದೆ ಹೋದ ಎನ್ನುವುದೇ ಸರಿ. ಹತ್ತಿದರೆ ಅವಳು ಜೋಡಿಸಿದ ಸಾಲು ಕಾಣುತ್ತದೆ. ಕೊನೆಯ ಸಾಲು ಮುಗಿದಲ್ಲಿ ಅವಳು ಕೂರುತ್ತಿದ್ದಷ್ಟು ಜಾಗ ಖಾಲಿ ಇದೆ, ಅದು ಕಾಣುತ್ತದೆ. ಕೆಳಗೆ ನಿಂತು ಬೀಗ ಎಳೆಯುವವನಿಗೆ ಅವಳು ಇನ್ನೂ ಮೇಲೆ ಕೆಲಸ ಮಾಡುತ್ತಿದ್ದಾಳೆ ಎಂಬಂತೆಯೇ ಇರುತ್ತದೆ. ಇದನ್ನು ಅವನು ಇಷ್ಟು ಬಿಡಿಸಿ ಯೋಚಿಸಿದವನಲ್ಲ. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗಲೆಲ್ಲ ಡೈರಿಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಸಂಕ್ರಾಂತಿ ಬಂತು, ಹೋಯ್ತು. ಎಳ್ಳುಬೆಲ್ಲಕ್ಕೆ ನಿಸರ್ಗ ಅಂಗಡಿಯಿಂದ ಕೊಬ್ಬರಿ ತಂದಳು. ತೆಂಗಿನ ಸೀಮೆಯ ಹೆಣ್ಣುಮಗಳು ಅಂಗಡಿಯಲ್ಲಿ ಕೊಬ್ಬರಿ ಕೊಳ್ಳುವುದು ಅಂದರೆ ಅದೊಂದು ನಾಚಿಕೆ. ಯಾರಿಗೂ ಕಾಣದಂತೆ ಚೀಲದ ತಳಕ್ಕೆ ಹಾಕಿಕೊಂಡು ತಂದಳು. ಫೆಬ್ರವರಿ ಮೊದಲ ವಾರ ಸುನಂದಕ್ಕನೇ ಫೋನು ಮಾಡಿ, ಪುಣ್ಯಸ್ಮರಣೆಗೆ ಇನ್ನು ತಿಂಗಳಿದೆ, ಕಾಯಿ ಇಳಿಸಿ ಸುಲಿಸಬೇಡವೇ ಎಂದು ಬೈದಳು. ಭಾನುವಾರ ಬೆಳಿಗ್ಗೆ ಎಂದು ನಿಶ್ಚಯವಾಯಿತು. ಸಿದ್ದಮ್ಮ ಮಚ್ಚು ಮಸೆದುಕೊಂಡು ಒಂಬತ್ತಕ್ಕೇ ಬಂದಳು.

ದಯಾನಂದ ಒಂದೊಂದೇ ಬೀಗ ತೆಗೆದ. ಎಷ್ಟೋ ತಿಂಗಳಿಂದ ತೆಗೆಯದಿದ್ದ ಶಟರ್ ಎತ್ತಿದ. ಒಳಗಿನಿಂದ ಒಂದು ವಾಸನೆ ಬಂದು ಮೂವರ ಮುಖಕ್ಕೂ ಹೊಡೆಯಿತು. ಹುಳಿಯೂ ಅಲ್ಲ, ಎಣ್ಣೆಯೂ ಅಲ್ಲ, ಕೊಳೆತದ್ದು. ನಿಸರ್ಗ ದುಪಟ್ಟಾ ಮೂಗಿಗೆ ಹಿಡಿದುಕೊಂಡಳು. ಸಿದ್ದಮ್ಮ ಮಚ್ಚನ್ನು ಗೋಡೆಗೆ ಒರಗಿಸಿದಳು. ಅವಳಿಗೆ ಆಗಲೇ ಗೊತ್ತಾಗಿತ್ತು.

ಕಂಡಿಯ ಬೀಗ ತೆಗೆದು ದಯಾನಂದ ಹತ್ತಿದ. ಹಿಂದಿನಿಂದ ಸಿದ್ದಮ್ಮ ಹತ್ತಿದಳು. ಶೀಟಿನ ಅಡಿಯಲ್ಲಿ ಮಳೆಗಾಲದ ಹಬೆ ಬೆವೆತು ಒಣಗಿ ಕರೆಗಟ್ಟಿತ್ತು. ಸಾಲು ಸಾಲು ಹಾಗೆಯೇ ಇತ್ತು, ಒಂದು ಕಾಯಿಯೂ ಅಲುಗಿರಲಿಲ್ಲ. ಅವುಗಳ ಮೇಲೆ ಬಿಳಿಯ ಬೂಜು ಹಚ್ಚಡ ಹೊದಿಸಿದ ಹಾಗೆ ಹರಡಿತ್ತು. ಕೆಲವಕ್ಕೆ ಮೊಳಕೆ ಬಂದು, ಬೆಳಕು ಸಿಗದೆ ಹಳದಿಯಾಗಿ ಬಾಗಿ ಸತ್ತಿತ್ತು. ದಯಾನಂದ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಂದು. ಸದ್ದಿಲ್ಲ. ಹತ್ತು ಕಾಯಿ ಅಲ್ಲಾಡಿಸಿದ ಮೇಲೆ ಸಿದ್ದಮ್ಮ ಅವನ ಕೈಯಿಂದ ಕಾಯಿ ತೆಗೆದುಕೊಂಡಳು.

"ಎಲ್ಲಾ ಇಳ್ಸನ ದಯಣ್ಣ. ಒಡ್ದು ನೋಡ್ದೆ ಯಾವ್ದುನ್ನೂ ಎಸೆಯದು ಬ್ಯಾಡ. ಅವ್ರು ಹಾಕ್ದವು."

ನಾನು ಆವತ್ತೇ ಹೇಳಿದ್ದೆ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ದಯಾನಂದನಿಗೆ ಸುಲಭವಾಗುತ್ತಿತ್ತೇನೋ.

ಅಂಗಳದಲ್ಲಿ ಕೂತರು. ದಯಾನಂದ ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸಿಪ್ಪೆ ಬಿಡಿಸುತ್ತಿದ್ದ, ಸಿದ್ದಮ್ಮ ಮಚ್ಚಿನಿಂದ ಚಿಪ್ಪು ಒಡೆಯುತ್ತಿದ್ದಳು, ನಿಸರ್ಗ ಒಡೆದದ್ದನ್ನು ಮಕ್ಕರಿಗೆ ತುಂಬಿ ತಿಪ್ಪೆಗೆ ಸುರಿದು ಬರುತ್ತಿದ್ದಳು. ಒಳಗೆಲ್ಲ ಕಪ್ಪು. ಕೆಲವು ಕೈಯಲ್ಲಿ ಹಿಡಿದರೆ ಜಿಡ್ಡುಜಿಡ್ಡಾಗಿ ಕುಸಿಯುತ್ತಿದ್ದವು. ಮಧ್ಯಾಹ್ನವಾಯಿತು, ಯಾರೂ ಊಟಕ್ಕೆ ಏಳಲಿಲ್ಲ. ದಾರಿಯಲ್ಲಿ ಹೋಗುವವರು ವಾಸನೆಗೆ ನಿಂತು, ಬೇಲಿಯಾಚೆಯಿಂದ ಇಣುಕಿ, ವಿಷಯ ತಿಳಿದು ಮುಂದೆ ಹೋದರು. ನಂಜುಂಡಪ್ಪ ಬಂದವನು ತಮಾಷೆ ಮಾಡಲಿಲ್ಲ. ತನ್ನ ಮನೆಯಿಂದ ಇನ್ನೊಂದು ಹಾರೆ ತಂದು ದಯಾನಂದನ ಪಕ್ಕದಲ್ಲಿ ನೆಟ್ಟು, ತಾನೂ ಸುಲಿಯುತ್ತ ನಿಂತ. ದಯಾನಂದ ಸಂಜೆ ಡೈರಿಗೆ ಹೋಗಿ ಹಾಲು ಅಳೆದು ಬಂದ. ಮಾರನೆಯ ದಿನವೂ ಸುಲಿದರು. ಮಂಗಳವಾರವೂ ಸುಲಿದರು.

ಮಂಗಳವಾರ ಸಂಜೆ ನಾಲ್ಕರ ಹೊತ್ತಿಗೆ ಕೊನೆಯ ರಾಶಿ ಬಂತು. ಅವು ಶಟರ್ ಸುತ್ತಿಕೊಳ್ಳುವ ಡಬ್ಬದ ಮೇಲ್ಗಡೆ ಮೂಲೆಯಲ್ಲಿ ಇದ್ದ ಕಾಯಿಗಳು. ಆ ಡಬ್ಬದ ಪಕ್ಕ ಅಂಗೈ ಅಗಲದ ಸಂದು ರೇಣುಕಪ್ರಸಾದನ ಕಣ್ಣು ತಪ್ಪಿಸಿ ಉಳಿದಿತ್ತು. ಅದರಿಂದ ಗಾಳಿ ಆಡಿದಷ್ಟು ದೂರದ ಕಾಯಿಗಳ ಮೇಲೆ ಬೂಜು ಕಡಿಮೆ ಇತ್ತು. ಸಿದ್ದಮ್ಮ ಒಂದನ್ನು ಒಡೆದಳು. ಚಿಪ್ಪು ಎರಡಾಗಿ ಬಿಟ್ಟಿತು. ಒಳಗಿನಿಂದ ಕಂದು ಬಣ್ಣದ ಉಂಡೆ ಕೊಬ್ಬರಿ, ಒಂದು ಗೀರೂ ಇಲ್ಲದ್ದು, ಅವಳ ಮಡಿಲಿಗೆ ಉರುಳಿತು. ಇನ್ನೊಂದು ಒಡೆದಳು, ಅದೂ ಚೆನ್ನಾಗಿತ್ತು. ಎಲ್ಲ ಮುಗಿದಾಗ ಮೂರು ಸಾವಿರದ ಇನ್ನೂರರಲ್ಲಿ ಅರವತ್ತೊಂದು ಕೊಬ್ಬರಿ ಚಾಪೆಯ ಮೇಲಿದ್ದವು.

ನಂಜುಂಡಪ್ಪ ಹಾರೆ ಕಿತ್ತು ಹೆಗಲಿಗೆ ಹಾಕಿಕೊಂಡ. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು ಹೇಳಿದ: "ಹೋಗ್ಲಿ ಬುಡು ದಯಾ. ನಂದಂತೂ ಕಳ್ಳುರ್ ಪಾಲಾಯ್ತು. ನಿಂದು ನಿನ್ ಕಣ್ಮುಂದೆನಾದ್ರೂ ಐತೆ."

ದಯಾನಂದ ತಿಪ್ಪೆಯ ಕಡೆ ನೋಡಿದ. ಮೂರು ದಿನದ ಕಪ್ಪು ರಾಶಿ ಅಲ್ಲಿ ಬಿದ್ದಿತ್ತು. ಕಾಗೆಗಳೂ ಮುಟ್ಟಿರಲಿಲ್ಲ.

"ಇಲ್ಲ ಕಣ್ಲಾ ನಂಜುಂಡ" ಎಂದ. "ಕಳ್ಳ ತಗಂಡೋಗಿದ್ರೇ ಚೆನ್ನಾಗಿತ್ತು. ಯಾರಾದ್ರೂ ತಿಂದಿರೋರು."

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಕಳ್ಳ ಒಯ್ದಿದ್ದರೆ ಎಲ್ಲೋ ದೂರದ ಊರಿನಲ್ಲಿ ಗೊತ್ತಿಲ್ಲದ ಮನೆಯಲ್ಲಿ ಯಾರೋ ಹೆಂಗಸು ಆ ಕೊಬ್ಬರಿ ತುರಿದು ಒಬ್ಬಟ್ಟಿಗೋ ಚಟ್ನಿಗೋ ಹಾಕುತ್ತಿದ್ದಳು. ಮಕ್ಕಳು ಚೂರು ಕದ್ದು ತಿನ್ನುತ್ತಿದ್ದವು. ಸರ್ವಮಂಗಳ ನಾಲ್ಕು ದಿನ ಬೆನ್ನು ಬಾಗಿಸಿ ಕೂತು ಮಾಡಿದ ಕೆಲಸ ಯಾರದೋ ನಾಲಿಗೆಗೆ ಮುಟ್ಟುತ್ತಿತ್ತು. ಅದನ್ನು ತಾನೇ ತಡೆದಿದ್ದ. ಏಳು ಬೀಗ ಹಾಕಿ, ಸಾಲದೆ ಗಾರೆ ಮೆತ್ತಿಸಿ ತಡೆದಿದ್ದ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ದಯಾನಂದನಿಗೆ ನೋವಾಯಿತು. ಎದೆಯ ನಡುಮಧ್ಯೆ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ನೋವಾಯಿತು.

ನಿಸರ್ಗ ಅವನ ಮುಖ ನೋಡಿದಳು. ಚಾಪೆಯ ಮೇಲಿಂದ ಒಂದು ಕೊಬ್ಬರಿ ಎತ್ತಿ ಸಿದ್ದಮ್ಮನ ಕೈಗೆ ಕೊಟ್ಟಳು. ಸಿದ್ದಮ್ಮ ಮಚ್ಚಿನ ಬೆನ್ನಿನಿಂದ ಒಂದು ಪೆಟ್ಟು ಕೊಟ್ಟು ಒಡೆದಳು. ನಿಸರ್ಗ ಬೆಳ್ಳಗಿನ ಒಂದು ಚೂರು ಮುರಿದು ಅಪ್ಪನ ಬಾಯಿಯ ಹತ್ತಿರ ಹಿಡಿದಳು.

"ಪುಣ್ಯಸ್ಮರಣೆಗೆ ಇಡ್ಬೇಕಲ್ಲಮ್ಮ" ಎಂದ ದಯಾನಂದ. "ಬಂದೋರಿಗೆ ಕೊಡಕ್ಕೆ."

"ಮೊದ್ಲು ನೀನು ತಿನ್ನಪ್ಪ."

ಅವನು ಬಾಯಿ ತೆರೆದ. ಅಗಿದ. ಸಿಹಿಯಾಗಿತ್ತು. ಎಣ್ಣೆ ನಾಲಿಗೆಗೆಲ್ಲ ಹರಡಿತು, ಎಷ್ಟೋ ದಿನದ ಮೇಲೆ ರುಚಿ ಗೊತ್ತಾಯಿತು. ಅಗಿಯುತ್ತಿದ್ದ ಹಾಗೆಯೇ ಕಣ್ಣಿನಿಂದ ನೀರು ಇಳಿದು ಗಲ್ಲದ ಮೇಲೆ ಹರಿಯತೊಡಗಿತು. ಆಮೇಲೆ ಬಾಯಿಂದ ಸದ್ದೂ ಹೊರಟಿತು. ನಂಜುಂಡಪ್ಪ ಹಾರೆ ಕೆಳಗಿಟ್ಟು ತಿರುಗಿ ನಿಂತುಕೊಂಡ. ಅಳು ತಡೆಯಲು ದಯಾನಂದ ಕೈ ಎತ್ತಲಿಲ್ಲ, ಅಗಿಯುವುದನ್ನೂ ನಿಲ್ಲಿಸಲಿಲ್ಲ. ಒಂದು ಚೂರು ಮುಗಿದ ಮೇಲೆ ಇನ್ನೊಂದಕ್ಕೆ ಮಗಳ ಮುಂದೆ ಕೈ ಚಾಚಿದ.